ನೂರಾರು ಕಡೆ ಬದಲಾಗಬೇಕಾದ ಒಂದೇ ಫಂಕ್ಷನ್: ಲಿನಕ್ಸ್ ಕರ್ನಲ್‌ನಲ್ಲಿ ದೊಡ್ಡ ಬದಲಾವಣೆಯನ್ನು ದಡ ಮುಟ್ಟಿಸುವ ಬಗೆ

ಒಂದು ಫಂಕ್ಷನ್‌ನ ರೂಪ ಬದಲಿಸುವುದು ಐದು ನಿಮಿಷದ ಕೆಲಸ. ಅದನ್ನು ನೂರಾರು ಕಡೆಗಳಿಂದ ಕರೆಯುತ್ತಿದ್ದರೆ ಮಾತ್ರ ಲೆಕ್ಕವೇ ಬೇರೆ. ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಆ ಕಾರ್ಯಾಚರಣಾ ವ್ಯವಸ್ಥೆಯ ಒಳತಿರುಳಿನಲ್ಲಿ, ಆ ಕರೆಗಳು ಯುಎಸ್‌ಬಿ, ನೆಟ್‌ವರ್ಕ್, ಧ್ವನಿ, ಫೈಲ್ ಸಿಸ್ಟಮ್ ಎಂದು ಹರಡಿಕೊಂಡಿರುತ್ತವೆ. ಒಂದೊಂದು ಭಾಗಕ್ಕೂ ಬೇರೆ ಬೇರೆ ಮೇಂಟೇನರ್ (ಆ ಕೋಡ್ ನೋಡಿಕೊಳ್ಳುವ ಹೊಣೆಗಾರ) ಇರುತ್ತಾರೆ. ಅವರಲ್ಲಿ ಯಾರೂ ನಿಮ್ಮ ಕೈಕೆಳಗಿನವರಲ್ಲ, ಹೆಚ್ಚಿನವರಿಗೆ ನಿಮ್ಮ ಹೆಸರೂ ಗೊತ್ತಿಲ್ಲ. ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜಿಗೆ ಬದಲಿಸುವಾಗ ರೈಲು ನಿಲ್ಲಿಸುತ್ತಿದ್ದರು. ಇಲ್ಲಿ ಆ ಅನುಕೂಲವಿಲ್ಲ. ಒಂಬತ್ತು ಹತ್ತು ವಾರಗಳಿಗೊಂದು ಬಿಡುಗಡೆ ಬರುತ್ತಲೇ ಇರುತ್ತದೆ, ನಡುವೆ ಸಾವಿರಾರು ಕಮಿಟ್‌ಗಳು (ದಾಖಲಾದ ಬದಲಾವಣೆಗಳು) ಸೇರುತ್ತಲೇ ಇರುತ್ತವೆ.

ಈ ಮಾರ್ಗದರ್ಶಿ ಅಂತಹ ಬದಲಾವಣೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಲು ಹೊರಟವರಿಗೆ. ಒಂದೆರಡು ಪ್ಯಾಚ್ (ಕೋಡ್ ತಿದ್ದುಪಡಿ) ಕಳುಹಿಸಿ ಅಭ್ಯಾಸವಿದೆ ಎಂದುಕೊಂಡು ಬರೆದಿದ್ದೇನೆ. ಉದ್ದಕ್ಕೂ ಜೊತೆಗಿರುವ ಉದಾಹರಣೆ 2017ರ ಟೈಮರ್ ಬದಲಾವಣೆ. ನಾನು ಓದಿದ ಬದಲಾವಣೆಗಳಲ್ಲಿ ಅಷ್ಟು ಅಚ್ಚುಕಟ್ಟಾಗಿ ನಡೆದದ್ದು ಕಡಿಮೆ.

ಆಗ ಸಮಸ್ಯೆ ಇದ್ದದ್ದು ಹೀಗೆ. ಟೈಮರ್ ಹೂಡುವವರು ಎರಡು ಸಂಗತಿಗಳನ್ನು ಟೈಮರ್ ರಚನೆಯೊಳಗೆ ಇಡುತ್ತಿದ್ದರು: ಸಮಯ ಮುಗಿದಾಗ ಓಡಬೇಕಾದ ಫಂಕ್ಷನ್, ಮತ್ತು ಅದಕ್ಕೆ ಕೊಡಬೇಕಾದ ಒಂದು ಸಂಖ್ಯೆ. ಬಹುತೇಕ ಕಡೆ ಅದು ನಿಜವಾದ ಸಂಖ್ಯೆಯಲ್ಲ, ಸಂಖ್ಯೆಯ ವೇಷ ಹಾಕಿದ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. ಹಾಗಾಗಿ ತಪ್ಪು ಪಾಯಿಂಟರ್ ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತಿತ್ತು. ಇನ್ನೂ ಕೆಟ್ಟ ಸಂಗತಿಯೆಂದರೆ, ಪಕ್ಕದ ಬಫರ್ ಉಕ್ಕಿದರೆ ದಾಳಿಕೋರನ ಕೈಗೆ ಫಂಕ್ಷನ್ ಮತ್ತು ಅದರ ಆರ್ಗ್ಯುಮೆಂಟ್ ಎರಡೂ ಒಟ್ಟಿಗೆ ಸಿಗುತ್ತಿದ್ದವು. ಕರ್ನಲ್ ಭದ್ರತೆಯ ಕೆಲಸ ಮಾಡುವ ಕೀಸ್ ಕುಕ್ ಮುಂದಾಳಾಗಿ ನಿಂತು ಇದನ್ನು ಬದಲಿಸಿದರು. ಹೊಸ ಕ್ರಮದಲ್ಲಿ ಫಂಕ್ಷನ್‌ಗೆ ಸಿಗುವುದು ಟೈಮರಿನ ಪಾಯಿಂಟರ್ ಮಾತ್ರ. ಅದನ್ನು ಒಳಗೊಂಡ ದೊಡ್ಡ ರಚನೆಯನ್ನು ಅದರಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ಪಡೆಯಬೇಕು.

## ಮೊದಲು ಎಣಿಸಿ, ಆಮೇಲೆ ಬೇರ್ಪಡಿಸಿ

ಕೋಡಿನ ಇತಿಹಾಸ ಕಾಯುವ ಗಿಟ್ ಉಪಕರಣದ ಹುಡುಕುವ ಆಜ್ಞೆ ಗಿಟ್ ಗ್ರೆಪ್ ಓಡಿಸಿ ಕರೆಯುವ ಜಾಗಗಳನ್ನೆಲ್ಲ ಒಂದು ಕಡತಕ್ಕೆ ಇಳಿಸಿಕೊಳ್ಳಿ. ಬರೀ ಎಣಿಕೆಯಿಂದ ಹೆಚ್ಚು ತಿಳಿಯುವುದಿಲ್ಲ, ಪ್ರತಿ ಜಾಗವೂ ಯಾವ ಜಾತಿಯದು ಎಂದು ನೋಡಬೇಕು. ನಾನು ಮೂರು ರಾಶಿ ಮಾಡುತ್ತೇನೆ. ಕಣ್ಣು ಮುಚ್ಚಿ ಬದಲಿಸಬಹುದಾದವು ಮೊದಲನೆಯದು. ಓದಿ, ಯೋಚಿಸಿ, ಒಂದೊಂದಾಗಿ ತಿದ್ದಬೇಕಾದವು ಎರಡನೆಯದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಯಾರೂ ಬಳಸದ ಡ್ರೈವರ್, ಎಂದೋ ಸತ್ತ ಕೋಡ್. ಅದನ್ನು ಹೊಸ ರೂಪಕ್ಕೆ ತರಲು ಹೆಣಗುವ ಮೊದಲು ತೆಗೆದುಹಾಕಬಹುದೇ ಎಂದು ಅದರ ಮೇಂಟೇನರ್ ಅವರನ್ನು ಕೇಳಿ. ಒಪ್ಪಿದರೆ ಇಬ್ಬರ ಹೊರೆಯೂ ಇಳಿಯುತ್ತದೆ.

ಮೊದಲನೆಯ ಮತ್ತು ಎರಡನೆಯ ರಾಶಿಯ ಗೆರೆ ನೋಡಲು ಸುಲಭ, ಎಳೆಯಲು ಕಷ್ಟ. ಸ್ಟ್ರಿಂಗ್ ನಕಲು ಮಾಡುವ ಎಸ್‌ಟಿಆರ್‌ಎಲ್‌ಸಿಪಿವೈ ಎಂಬ ಹಳೆಯ ಫಂಕ್ಷನ್‌ಗೆ ಬದಲಾಗಿ ಎಸ್‌ಟಿಆರ್‌ಎಸ್‌ಸಿಪಿವೈ ಬಂದಾಗ, ಹೆಸರಿನ ಒಂದಕ್ಷರ ಬದಲಿಸಿದರೆ ಸಾಕು ಎಂದು ಯಾರಿಗಾದರೂ ಅನಿಸೀತು. ಆದರೆ ಹಳೆಯದು ಹಿಂತಿರುಗಿಸುವುದು ಮೂಲ ಸ್ಟ್ರಿಂಗ್‌ನ ಪೂರ್ಣ ಉದ್ದ. ಹೊಸದು ನಕಲಾದಷ್ಟು ಉದ್ದವನ್ನು ಕೊಡುತ್ತದೆ, ಜಾಗ ಸಾಲದಿದ್ದರೆ ಋಣ ಸಂಖ್ಯೆಯ ದೋಷ ಸೂಚನೆ ಕೊಡುತ್ತದೆ. ಹಿಂತಿರುಗಿದ ಬೆಲೆಯನ್ನು ಯಾರೂ ನೋಡದ ಕಡೆ ಬದಲಾವಣೆ ಯಾಂತ್ರಿಕ. ನೋಡುವ ಕಡೆ ಅದು ಹೊಸ ದೋಷದ ಬೀಜ. 2015ರಲ್ಲಿ 4.3ನೇ ಆವೃತ್ತಿಗೆ ಹೊಸ ಫಂಕ್ಷನ್ ಸೇರಿಸಿಕೊಳ್ಳುವಾಗಲೇ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಎಚ್ಚರಿಸಿದ್ದರು: ಯೋಚನೆಯಿಲ್ಲದ ಸಾಮೂಹಿಕ ಪರಿವರ್ತನೆಯ ಪ್ಯಾಚ್‌ಗಳನ್ನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಬೇಸರ ಹುಟ್ಟಿಸುವ ಪ್ಯಾಚನ್ನು ಯಾರೂ ಗಮನವಿಟ್ಟು ಓದುವುದಿಲ್ಲ, ದೋಷ ನುಸುಳುವುದು ಅಲ್ಲಿಯೇ ಎಂದು. ಹಳೆಯ ಫಂಕ್ಷನ್ ಕರ್ನಲ್‌ನಿಂದ ಪೂರ್ತಿ ಹೋದದ್ದು 2024ರ 6.8ರಲ್ಲಿ. ಎಂಟು ವರ್ಷ ದೀರ್ಘವೆನಿಸಬಹುದು. ಒಂದೊಂದು ಜಾಗವನ್ನೂ ಓದಿ ತಿದ್ದುವ ಕೆಲಸಕ್ಕೆ ಅದು ನ್ಯಾಯವಾದ ಅವಧಿ ಎಂದೇ ನನ್ನ ಎಣಿಕೆ.

ಎಣಿಕೆ ಮುಗಿದ ಮೇಲೆ, ಪೂರ್ತಿ ಕೆಲಸಕ್ಕೆ ಕೈಹಾಕುವ ಮೊದಲು, ಅಭಿಪ್ರಾಯ ಕೋರುವ ಪ್ಯಾಚ್ ಸರಣಿಯೊಂದನ್ನು ಕಳುಹಿಸಿ. ಅದಕ್ಕೆ ಆರ್‌ಎಫ್‌ಸಿ ಎಂಬ ಗುರುತು ಹಾಕುವುದು ರೂಢಿ. ಅದರಲ್ಲಿ ಹೊಸ ರೂಪದ ಜೊತೆಗೆ ನಾಲ್ಕೈದು ಜಾಗಗಳ ಪರಿವರ್ತನೆ ಇರಲಿ. ಸುಲಭವಾದವನ್ನು ಆಯ್ದುಕೊಳ್ಳಬೇಡಿ, ಅತಿ ಗೋಜಲಿನ ಜಾಗಗಳನ್ನೇ ಆಯ್ದು ತೋರಿಸಿ. ಹೊಸ ರೂಪದ ಕೊರತೆ ಈಗ ಹೊರಬಿದ್ದರೆ ನಷ್ಟ ಒಂದು ವಾರ; ಮುನ್ನೂರನೆಯ ಪ್ಯಾಚ್ ಬರೆಯುವಾಗ ಹೊರಬಿದ್ದರೆ ಮೊದಲಿನಿಂದ ಶುರು.

## ಹೊಸದನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸಿ

ಇಡೀ ಕೆಲಸದ ಬೆನ್ನೆಲುಬು ಇದೇ. ಹಳೆಯ ರೂಪ ಮತ್ತು ಹೊಸ ರೂಪ ಕೆಲ ಕಾಲ ಒಟ್ಟಿಗೆ ಬದುಕಬೇಕು. ಹಾಗಾದಾಗ ಯುಎಸ್‌ಬಿ ಮೇಂಟೇನರ್ ಈ ವಾರ ಬದಲಿಸಿಕೊಳ್ಳಬಹುದು, ಧ್ವನಿ ವಿಭಾಗದವರು ಮುಂದಿನ ತಿಂಗಳು. ಒಬ್ಬರು ಇನ್ನೊಬ್ಬರಿಗಾಗಿ ಕಾಯಬೇಕಿಲ್ಲ.

ಟೈಮರ್ ವಿಷಯದಲ್ಲಿ ಇದನ್ನು ಸಾಧಿಸಿದ ಉಪಾಯ ತೀರ ಸರಳ. ಟೈಮರ್_ಸೆಟಪ್ ಎಂಬ ಹೊಸ ಫಂಕ್ಷನ್ ಒಳಗೊಳಗೆ ಹಳೆಯ ರಚನೆಯನ್ನೇ ತುಂಬುತ್ತಿತ್ತು. ಸಂಖ್ಯೆ ಇಡುವ ಜಾಗದಲ್ಲಿ ಆ ಟೈಮರಿನ ವಿಳಾಸವನ್ನೇ ಇಡುತ್ತಿತ್ತು. ಟೈಮರುಗಳನ್ನು ಓಡಿಸುವ ಮೂಲ ಕೋಡ್‌ಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿಯುವ ಅಗತ್ಯವೇ ಬೀಳಲಿಲ್ಲ. ಅದು ಎಂದಿನಂತೆ ಫಂಕ್ಷನ್ ಕರೆದು ಸಂಖ್ಯೆಯನ್ನು ಕೊಡುತ್ತಿತ್ತು, ಹೊಸ ಫಂಕ್ಷನ್‌ಗಳು ಅದನ್ನು ಟೈಮರಿನ ಪಾಯಿಂಟರ್ ಎಂದು ಸ್ವೀಕರಿಸುತ್ತಿದ್ದವು. ನಡುವಣ ಕಾಲಕ್ಕೆಂದೇ ಎರಡು ತಾತ್ಕಾಲಿಕ ವಿಧದ ಹೆಸರುಗಳನ್ನೂ ಇಟ್ಟುಕೊಂಡಿದ್ದರು. ಕೆಲಸ ಮುಗಿದ ಮೇಲೆ ಅವನ್ನೂ ಕಿತ್ತರು.

ಇನ್ನೊಂದು ಜಾಣತನ ಸಮಯದ್ದು. ಹಳೆಯದನ್ನೂ ಹೊಸದನ್ನೂ ಬೆಸೆಯುವ ಈ ಸೇತುವೆಯ ಪ್ಯಾಚನ್ನು 4.14ರ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ) ಹಂತದಲ್ಲೇ ಸೇರಿಸಿದರು, ಆ ಆವೃತ್ತಿಯಲ್ಲಿ ಅದನ್ನು ಬಳಸುವವರು ಹೆಚ್ಚು ಇರದಿದ್ದರೂ. ಏಕೆ? ಎಲ್ಲ ವಿಭಾಗಗಳ ಮೇಂಟೇನರುಗಳು 4.15ಕ್ಕಾಗಿ ಕೆಲಸ ಮಾಡುವಾಗ ಅವರ ಬುನಾದಿಯಲ್ಲಿ ಹೊಸ ಫಂಕ್ಷನ್ ಆಗಲೇ ಇರಬೇಕು ಎಂದು. ಸೇತುವೆ ಒಂದು ಸುತ್ತು ಮೊದಲೇ ಸಿದ್ಧವಿಲ್ಲದಿದ್ದರೆ ಪ್ರತಿಯೊಬ್ಬರೂ ಟೈಮರ್ ವಿಭಾಗದ ಟ್ರೀಯನ್ನು (ಆ ವಿಭಾಗದವರ ಕೋಡ್ ಪ್ರತಿಯನ್ನು) ತಮ್ಮದರೊಳಗೆ ಎಳೆದುಕೊಳ್ಳಬೇಕಾಗುತ್ತಿತ್ತು.

ಕೆಲವೊಮ್ಮೆ ಹೊಸ ರೂಪವನ್ನು ಪಕ್ಕದಲ್ಲಿ ನಿಲ್ಲಿಸುವಂತಿರುವುದಿಲ್ಲ. ಬದಲಾಗಬೇಕಾದದ್ದು ಫಂಕ್ಷನ್ ಅಲ್ಲ, ಒಂದು ನಡವಳಿಕೆ. 'ಬಿಗ್ ಕರ್ನಲ್ ಲಾಕ್' ಅಂಥದ್ದು. ಹಲವು ಪ್ರೊಸೆಸರುಗಳಿಗೆ ಬೆಂಬಲ ಬಂದ 1996ರ 2.0ರಲ್ಲಿ, ಕರ್ನಲ್‌ನೊಳಗೆ ಒಮ್ಮೆಗೆ ಒಂದೇ ಪ್ರೊಸೆಸರ್ ಇರಲಿ ಎಂದು ಹಾಕಿದ ದೊಡ್ಡ ಬೀಗ ಅದು. ಅದನ್ನು ಒಮ್ಮೆಲೇ ಕಿತ್ತಿದ್ದರೆ ಯಾವ ಡ್ರೈವರ್ ಎಲ್ಲಿ ಮುರಿಯುತ್ತದೆಂದು ಹೇಳುವವರೇ ಇರಲಿಲ್ಲ. ಆದ್ದರಿಂದ ಬೀಗವನ್ನು ಕೆಳಕ್ಕೆ ತಳ್ಳುತ್ತಾ ಹೋದರು. ಮೊದಲು ಮೂಲ ಕೋಡ್ ಎಲ್ಲ ಡ್ರೈವರುಗಳ ಪರವಾಗಿ ಬೀಗ ಹಾಕುತ್ತಿತ್ತು, 2005ರಲ್ಲಿ 2.6.11ರಲ್ಲಿ ಬೀಗವಿಲ್ಲದೆ ಕರೆಯುವ ಬದಲಿ ದಾರಿ ತೆರೆದರು. ಆ ದಾರಿಗೆ ಬಂದ ಡ್ರೈವರ್‌ಗೆ ಬೇಕಿದ್ದರೆ ತಾನೇ ಬೀಗ ಹಾಕಿಕೊಳ್ಳಬಹುದಿತ್ತು. ನಡವಳಿಕೆ ಒಂದಿನಿತೂ ಬದಲಾಗಲಿಲ್ಲ, ಆದರೆ ಅಪಾಯ ಈಗ ಒಂದೊಂದು ಡ್ರೈವರಿನ ಅಂಗಳಕ್ಕೆ ಹಂಚಿಹೋಯಿತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಬೀಗ ತೆಗೆದರು. 2011ರ 2.6.39ರಲ್ಲಿ ಆರ್ನ್ಡ್ ಬರ್ಗ್‌ಮನ್ ಅವರ ಪ್ಯಾಚ್ ಕೊನೆಯ ಕುರುಹನ್ನು ಅಳಿಸಿತು. ನಿಮ್ಮ ಬದಲಾವಣೆಗೆ ಸೇತುವೆ ಸಾಧ್ಯವಿಲ್ಲವೆನಿಸಿದರೆ ಈ ಇತಿಹಾಸವನ್ನು ಕಮಿಟ್ ಕಮಿಟ್ ಆಗಿ ಓದಿ.

## ನಿಯಮ ಬರೆಯಿರಿ

ಯಾಂತ್ರಿಕ ರಾಶಿಯನ್ನು ಕೈಯಿಂದ ತಿದ್ದಬೇಡಿ. ಪಠ್ಯದಲ್ಲಿ ಪದ ಹುಡುಕಿ ಬದಲಿಸುವ ಸೆಡ್ ಬಳಸಿಯೂ ತಿದ್ದಬೇಡಿ. ಸೆಡ್‌ಗೆ ಅಕ್ಷರಗಳು ಗೊತ್ತು, ಸಿ ಭಾಷೆ ಗೊತ್ತಿಲ್ಲ. ಒಮ್ಮೆ ನಾನು ಹಾಗೆ ಮಾಡಿ, ಕಾಮೆಂಟುಗಳೊಳಗಿನ ಮತ್ತು ದೋಷ ಸಂದೇಶಗಳೊಳಗಿನ ಹೆಸರುಗಳನ್ನೂ ಬದಲಿಸಿಬಿಟ್ಟಿದ್ದೆ, ಎರಡು ಸಾಲಿಗೆ ಮುರಿದಿದ್ದ ಕರೆಗಳನ್ನು ಪೂರ್ತಿ ಬಿಟ್ಟಿದ್ದೆ. ಒಂದು ದಿನದ ಕೆಲಸವನ್ನು ಎಸೆಯಬೇಕಾಯಿತು.

ಇದಕ್ಕೆಂದೇ ಇರುವ ಉಪಕರಣ ಕಾಕ್ಸಿನೆಲ್. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಜೂಲಿಯಾ ಲಾವಾಲ್ ಮತ್ತು ಸಂಗಡಿಗರು ಬೆಳೆಸಿದ್ದು. ಹೆಸರಿನ ಅರ್ಥ ಗುಲಗಂಜಿ ಹುಳು, ಗಿಡದ ಹೇನುಗಳನ್ನು ತಿನ್ನುವ ಕೀಟ. ನೀವು ಬರೆಯುವ ನಿಯಮ ನೋಡಲು ಸಾಮಾನ್ಯ ಪ್ಯಾಚಿನಂತೆಯೇ ಇರುತ್ತದೆ: ತೆಗೆಯುವ ಸಾಲಿಗೆ ಕಳೆಯುವ ಚಿಹ್ನೆ, ಸೇರಿಸುವ ಸಾಲಿಗೆ ಕೂಡುವ ಚಿಹ್ನೆ. ವ್ಯತ್ಯಾಸವಿಷ್ಟೇ, ನಿರ್ದಿಷ್ಟ ಹೆಸರಿನ ಜಾಗದಲ್ಲಿ 'ಯಾವುದೇ ಅಭಿವ್ಯಕ್ತಿ', 'ಯಾವುದೇ ಫಂಕ್ಷನ್' ಎಂದು ಬರೆಯಬಹುದು. ಸಾಲು ಎಲ್ಲಿ ಮುರಿದಿದೆ, ಖಾಲಿ ಜಾಗ ಎಷ್ಟಿದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಟೈಮರ್ ಹೂಡಿದ ಜಾಗದಲ್ಲಿ ಯಾವ ಫಂಕ್ಷನ್ ಹೆಸರಿಸಿದೆ ಎಂದು ಹಿಡಿದು, ಅದೇ ಕಡತದಲ್ಲಿ ಆ ಫಂಕ್ಷನ್‌ನ ವ್ಯಾಖ್ಯೆಗೆ ಹೋಗಿ ಅದರ ಆರ್ಗ್ಯುಮೆಂಟನ್ನೂ ಬದಲಿಸಬಲ್ಲದು. ಸೆಡ್‌ನಿಂದ ಇದು ಎಂದಿಗೂ ಆಗದು.

ನಿಯಮವನ್ನು ಒಂದೇ ಬಾರಿಗೆ ಪೂರ್ಣ ಬರೆಯಲು ಹೋಗಬೇಡಿ. ಚಿಕ್ಕ ನಿಯಮ ಬರೆದು ಓಡಿಸಿ, ಬಿಟ್ಟುಹೋದದ್ದನ್ನು ನೋಡಿ, ಇನ್ನೊಂದು ಸಾಲು ಸೇರಿಸಿ. ಕೊನೆಗೆ ಉಳಿಯುವ ಹತ್ತಾರು ವಿಚಿತ್ರ ಜಾಗಗಳಿಗಾಗಿ ನಿಯಮವನ್ನು ತಿರುಚುವ ಬದಲು ಅವನ್ನು ಕೈಯಿಂದ ಮಾಡುವುದು ಮೇಲು. ಆದರೆ ಕೈಯಿಂದ ಮಾಡಿದ್ದನ್ನು ಯಂತ್ರ ಮಾಡಿದ್ದರ ಜೊತೆ ಒಂದೇ ಪ್ಯಾಚಿನಲ್ಲಿ ಬೆರೆಸಬೇಡಿ. ಬೆರೆತರೆ ಓದುವವರು ಎಲ್ಲವನ್ನೂ ಸಾಲು ಸಾಲಾಗಿ ಓದಬೇಕು. ಬೇರೆಯಿದ್ದರೆ ಅವರು ನಿಯಮವನ್ನೊಂದು ಓದಿ, ತಾವೇ ಓಡಿಸಿ, ಅದೇ ಫಲಿತಾಂಶ ಬಂತೆಂದು ನೋಡಿದರೆ ಸಾಕು. ಹಾಗಾಗಿ ನಿಯಮದ ಪೂರ್ತಿ ಪಠ್ಯ ಮತ್ತು ಅದನ್ನು ಓಡಿಸಿದ ಆಜ್ಞೆ ಎರಡೂ ಕಮಿಟ್ ಸಂದೇಶದಲ್ಲಿ ಇರಬೇಕು. ಟೈಮರ್ ಪರಿವರ್ತನೆಯ ದೊಡ್ಡ ಕಮಿಟ್ ತೆರೆದರೆ ಈ ನಿಯಮ ಉದ್ದಕ್ಕೂ ಹಾಸಿಕೊಂಡಿರುವುದು ಕಾಣುತ್ತದೆ. ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ನನಗೆ ಗೊತ್ತಿಲ್ಲ.

## ತುಂಡು ಮಾಡುವ ಲೆಕ್ಕ

ಒಂದು ಪ್ಯಾಚ್, ಒಂದು ವಿಚಾರ. ಜೊತೆಗೆ ಇನ್ನೊಂದು ಕಟ್ಟುನಿಟ್ಟು: ಸರಣಿಯ ಯಾವ ಪ್ಯಾಚಿನ ಬಳಿ ನಿಂತರೂ ಕರ್ನಲ್ ಕಂಪೈಲ್ ಆಗಬೇಕು, ಬೂಟ್ ಆಗಬೇಕು. ನಾಳೆ ಇನ್ಯಾರೋ ಬೇರೆ ದೋಷ ಯಾವ ಕಮಿಟ್‌ನಿಂದ ಬಂತೆಂದು ಹುಡುಕುವ ಗಿಟ್ ಬೈಸೆಕ್ಟ್ ಓಡಿಸುವಾಗ ನಿಮ್ಮ ಸರಣಿಯ ನಡುವೆ ಬಂದು ನಿಲ್ಲುತ್ತಾರೆ. ಅಲ್ಲಿ ಕರ್ನಲ್ ಕಟ್ಟಲು (ಬಿಲ್ಡ್ ಮಾಡಲು) ಆಗದಿದ್ದರೆ ಅವರ ಹುಡುಕಾಟ ಕೆಡುತ್ತದೆ. ಗಿಟ್ ರಿಬೇಸ್‌ನ ಎಕ್ಸೆಕ್ ಆಯ್ಕೆಗೆ ಮೇಕ್ ಆಜ್ಞೆ ಕೊಟ್ಟರೆ ಪ್ರತಿ ಪ್ಯಾಚಿನ ನಂತರ ತಾನೇ ಕಟ್ಟಿ ನೋಡಿ, ಸೋತ ಕಡೆ ನಿಲ್ಲುತ್ತದೆ. ರಾತ್ರಿ ಮಲಗುವ ಮೊದಲು ಹಚ್ಚಿಡಿ.

ತುಂಡುಗಳನ್ನು ಕಡತಗಳ ಸಂಖ್ಯೆಯಂತೆ ಕತ್ತರಿಸದೆ ಮೇಂಟೇನರುಗಳಂತೆ ಕತ್ತರಿಸಿ. ಕರ್ನಲ್ ಜೊತೆಗೇ ಬರುವ ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಯಾವ ಕಡತ ಯಾರದೆಂದು ಹೇಳುತ್ತದೆ. ಒಬ್ಬರ ಮುಂದೆ ಹೋಗುವ ಪ್ಯಾಚಿನಲ್ಲಿ ಅವರದಲ್ಲದ ಒಂದು ಸಾಲೂ ಇರದಿದ್ದರೆ ಅವರು ಹಿಂಜರಿಯದೆ ತೆಗೆದುಕೊಳ್ಳಬಲ್ಲರು.

ಕತ್ತರಿಸಲು ಬಾರದ ಬದಲಾವಣೆಗಳೂ ಇವೆ. ಬಳಕೆದಾರನ ವಿಳಾಸ ಸರಿಯಿದೆಯೇ ಎಂದು ನೋಡುವ ಆಕ್ಸೆಸ್_ಓಕೆ ಎಂಬುದಕ್ಕೆ ಓದಲೋ ಬರೆಯಲೋ ಎಂದು ಹೇಳುವ ಒಂದು ಆರ್ಗ್ಯುಮೆಂಟ್ ಇತ್ತು. ಕರ್ನಲ್ ಸ್ಥಿತಿಯಲ್ಲಿ ಬರೆಯುವಾಗ ರಕ್ಷಣೆಯ ಗುರುತನ್ನು ಗಮನಿಸದ ಮೂಲ 386 ಪ್ರೊಸೆಸರಿಗಾಗಿ ಹುಟ್ಟಿದ್ದು ಅದು. ಆ ಪ್ರೊಸೆಸರಿನ ಬೆಂಬಲವೇ 2013ರ 3.8ರಲ್ಲಿ ಹೋಗಿತ್ತು. 2019ರ ಜನವರಿ ಮೊದಲ ವಾರದಲ್ಲಿ, 5.0ರ ಮೊದಲ ಆರ್‌ಸಿ ಹೊರಡುವ ಕೆಲವೇ ದಿನ ಮುಂಚೆ, ಟೊರ್ವಾಲ್ಡ್ಸ್ ತಾವೇ ಒಂದೇ ಕಮಿಟ್‌ನಲ್ಲಿ ಅದನ್ನು ಎಲ್ಲೆಡೆಯಿಂದ ಕಿತ್ತರು. ಈ ಗಳಿಗೆಯ ಆಯ್ಕೆಯನ್ನು ಗಮನಿಸಿ. ಮುಂದಿನ ಆವೃತ್ತಿಗೆ ಹೊಸ ಕೆಲಸ ಸೇರಿಸಿಕೊಳ್ಳುವ ಎರಡು ವಾರಗಳ ಮರ್ಜ್ ವಿಂಡೋದ ಕೊನೆಯಲ್ಲಿ ಎಲ್ಲರ ಕೆಲಸವೂ ಮುಖ್ಯ ಟ್ರೀಗೆ ಬಂದು ಸೇರಿರುತ್ತದೆ, ಹೊಸ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಘರ್ಷಣೆ ಅತಿ ಕಡಿಮೆ ಇರುವ ಹೊತ್ತು ಅದೇ. ಇಡೀ ಮೂಲವನ್ನು ಮುಟ್ಟುವ ಒಂದೇ ಪ್ಯಾಚ್ ನಿಮ್ಮಲ್ಲಿದ್ದರೆ ಈ ಕಿಂಡಿಗಾಗಿ ಕಾಯಿರಿ, ಮತ್ತು ಕಾಯುತ್ತಿದ್ದೀರಿ ಎಂದು ಮೊದಲೇ ತಿಳಿಸಿ.

## ಯಾರ ಟ್ರೀ ಮೂಲಕ?

ಇದನ್ನು ಮೊದಲ ದಿನವೇ ಕೇಳಿ ಗೊತ್ತುಮಾಡಿಕೊಳ್ಳಿ. ಪ್ಯಾಚ್‌ಗಳು ಒಂದಕ್ಕೊಂದು ಅಂಟಿಕೊಂಡಿರದಿದ್ದರೆ ಆಯಾ ವಿಭಾಗದ ಟ್ರೀ ಮೂಲಕವೇ ಹೋಗಲಿ. ಅಂಟಿಕೊಂಡಿದ್ದರೆ ಎಲ್ಲವೂ ಒಬ್ಬರ ಟ್ರೀ ಮೂಲಕ ಹೋಗಬೇಕು, ಉಳಿದ ಮೇಂಟೇನರುಗಳಿಂದ 'ಆಕ್ಡ್-ಬೈ' ಒಪ್ಪಿಗೆ ಪಡೆಯಬೇಕು. ಎರಡು ಟ್ರೀಗಳಿಗೂ ಒಂದೇ ಪ್ಯಾಚ್ ಬೇಕೆಂದಾದಾಗ ಮೂರನೆಯ ದಾರಿ: ಇನ್ನೆಂದೂ ಬದಲಿಸುವುದಿಲ್ಲವೆಂದು ಮಾತು ಕೊಟ್ಟ ಒಂದು ಚಿಕ್ಕ ಬ್ರಾಂಚ್ ಮಾಡಿ ಇಬ್ಬರೂ ಅದನ್ನೇ ಎಳೆದುಕೊಳ್ಳುವುದು. ಒಂದೇ ಪ್ಯಾಚನ್ನು ಇಬ್ಬರೂ ಬೇರೆ ಬೇರೆಯಾಗಿ ಸೇರಿಸಿಕೊಂಡರೆ ಆಗುವ ಗೊಂದಲ ಇದರಿಂದ ತಪ್ಪುತ್ತದೆ.

ಯಾವ ದಾರಿ ಹಿಡಿದರೂ ಲಿನಕ್ಸ್-ನೆಕ್ಸ್ಟ್ ಮೇಲೆ ಕಣ್ಣಿಡಿ. 2008ರಲ್ಲಿ ಸ್ಟೀಫನ್ ರಾಥ್‌ವೆಲ್ ಶುರುಮಾಡಿದ ಈ ಟ್ರೀಯಲ್ಲಿ ನೂರಾರು ವಿಭಾಗಗಳ ಮುಂದಿನ ಕೆಲಸವನ್ನು ಒಟ್ಟುಗೂಡಿಸಿ ಕಟ್ಟಿ ನೋಡುತ್ತಾರೆ. ನಿಮ್ಮ ಬದಲಾವಣೆ ಇನ್ನೊಬ್ಬರದಕ್ಕೆ ಡಿಕ್ಕಿ ಹೊಡೆಯುವುದು ಮೊದಲು ಅಲ್ಲಿ ತಿಳಿಯುತ್ತದೆ. ಇಂದು ಯಾರೋ ಹಳೆಯ ಫಂಕ್ಷನ್ ಬಳಸಿ ಹೊಸ ಡ್ರೈವರ್ ಬರೆದಿದ್ದರೆ ಅದೂ ಅಲ್ಲೇ ಕಾಣುತ್ತದೆ.

## ಕಳುಹಿಸುವುದು, ಕಾಯುವುದು

ಮುನ್ನೂರು ಪ್ಯಾಚ್ ಒಟ್ಟಿಗೆ ಕಳುಹಿಸಿದರೆ ಯಾರೂ ಓದುವುದಿಲ್ಲ. ವಿಭಾಗಕ್ಕೊಂದು ಸಣ್ಣ ಸರಣಿ, ಪ್ರತಿ ಸರಣಿಗೆ ಒಂದು ಮುನ್ನುಡಿ ಪತ್ರ. ಅದರಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು: ಏಕೆ ಬದಲಿಸುತ್ತಿದ್ದೀರಿ, ಸೇತುವೆ ಯಾವ ಆವೃತ್ತಿಯಲ್ಲಿದೆ, ಈ ಮೇಂಟೇನರಿಂದ ನಿಮಗೇನು ಬೇಕು (ತಾವೇ ಸೇರಿಸಿಕೊಳ್ಳಬೇಕೋ, ಬರೀ ಒಪ್ಪಿಗೆಯೋ), ಏನನ್ನು ಪರೀಕ್ಷಿಸಿದ್ದೀರಿ. ಮೂರನೆಯದನ್ನು ಬರೆಯದೆ ಬಿಟ್ಟ ಸರಣಿಗಳು ವಾರಗಟ್ಟಲೆ ನೇತಾಡುವುದನ್ನು ನೋಡಿದ್ದೇನೆ. ಪ್ರತಿಯೊಬ್ಬರೂ ಇನ್ನೊಬ್ಬರು ಸೇರಿಸಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಿರುತ್ತಾರೆ.

ಎರಡನೆಯ ಆವೃತ್ತಿ ಕಳುಹಿಸುವಾಗ ಏನು ಬದಲಾಯಿತೆಂದು ಬರೆಯಿರಿ, ಗಿಟ್ ರೇಂಜ್-ಡಿಫ್ ಕೊಡುವ ಹೋಲಿಕೆಯನ್ನೂ ಜೋಡಿಸಿ. ಸರಣಿಯ ಆವೃತ್ತಿಗಳನ್ನು ಸಂಭಾಳಿಸಲು ಮತ್ತು ಬಂದ ಒಪ್ಪಿಗೆಗಳನ್ನು ಕೂಡಿಸಲು ಬಿ4 ಎಂಬ ಉಪಕರಣವಿದೆ, ಕೈಲೆಕ್ಕ ಬೇಡ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ವಿನಯದಿಂದ ನೆನಪಿಸಿ. ಮರ್ಜ್ ವಿಂಡೋದ ಎರಡು ವಾರ ಹೊಸದನ್ನು ಕಳುಹಿಸಬೇಡಿ, ಆಗ ಮೇಂಟೇನರುಗಳಿಗೆ ಉಸಿರಾಡಲೂ ಹೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಒಂದು ಮಾತು: ನಮ್ಮ ಸಂಜೆಯಲ್ಲಿ ಯುರೋಪಿನ ಮಧ್ಯಾಹ್ನ, ಅಮೆರಿಕದ ಬೆಳಗು ಸೇರುತ್ತವೆ. ಚರ್ಚೆ ಬಿಸಿಯಿರುವ ದಿನಗಳಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಉತ್ತರಿಸಲು ಸಿಕ್ಕರೆ ಮೂರು ದಿನದ ಮಾತುಕತೆ ಒಂದೇ ದಿನದಲ್ಲಿ ಮುಗಿಯುತ್ತದೆ.

ಯಾರಾದರೂ ಬೇಡವೆಂದರೆ ಕಾರಣ ಕೇಳಿ. ಅವರ ಡ್ರೈವರ್‌ನ ಬಗ್ಗೆ ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿರುವುದಿಲ್ಲ. ನಿಮ್ಮ ಬಳಿ ಆ ಯಂತ್ರವೂ ಇರುವುದಿಲ್ಲ.

ಪರೀಕ್ಷೆಯ ವಿಷಯವೂ ಇಲ್ಲಿಗೇ ಬರುತ್ತದೆ. ಸಾಧ್ಯವಿರುವ ಎಲ್ಲವನ್ನೂ ಮಾಡ್ಯೂಲ್ ಆಗಿ ಕಟ್ಟುವ ಆಲ್‌ಮಾಡ್‌ಕಾನ್ಫಿಗ್ ಸಂರಚನೆಯಲ್ಲಿ ಕಟ್ಟಿ ನೋಡಿ, ಎಕ್ಸ್86 ಒಂದರಲ್ಲೇ ಸಾಲದು. ಆರ್ಮ್, ಪವರ್‌ಪಿಸಿ, ಎಸ್390 ಕಂಪೈಲರುಗಳನ್ನು ಹಾಕಿಕೊಳ್ಳಿ. ಎಷ್ಟೋ ಡ್ರೈವರುಗಳು ಬೇರೆ ಬಗೆಯ ಪ್ರೊಸೆಸರಿಗೆ ಕಟ್ಟುವಾಗ ಮಾತ್ರ ಕಂಪೈಲ್ ಆಗುತ್ತವೆ. ಇಂಟೆಲ್ ನಡೆಸುವ ಪರೀಕ್ಷಾ ರೋಬೋಟ್ ನಿಮಗಿಂತ ಹೆಚ್ಚು ಸಂರಚನೆಗಳನ್ನು ನೋಡುತ್ತದೆ, ಅದರ ವರದಿ ಬಂದ ದಿನವೇ ತಿದ್ದಿ. ಯಂತ್ರವಿಲ್ಲದೆ ಬರೀ ಕಂಪೈಲ್ ಮಾಡಿದ್ದರೆ ಹಾಗೆಂದೇ ಬರೆಯಿರಿ.

## ಹಳೆಯದನ್ನು ಅಳಿಸುವ ದಿನ

ಅರ್ಧದಲ್ಲಿ ನಿಂತ ಪರಿವರ್ತನೆ ಶುರುವಾಗದ ಪರಿವರ್ತನೆಗಿಂತ ಕೆಟ್ಟದ್ದು. ಎರಡು ರೂಪ ಇದ್ದರೆ ಹೊಸಬರು ಎರಡನ್ನೂ ಕಲಿಯಬೇಕು, ಪಕ್ಕದ ಕಡತ ನೋಡಿ ನಕಲು ಮಾಡುವವರು ಹಳೆಯದನ್ನೇ ನಕಲು ಮಾಡುತ್ತಾರೆ. ನೀವು ಹತ್ತು ತೆಗೆದರೆ ಮೂರು ಹೊಸದಾಗಿ ಬರುತ್ತವೆ.

ಇದನ್ನು ತಡೆಯಲು ಹಳೆಯ ಫಂಕ್ಷನ್‌ಗೆ ಎಚ್ಚರಿಕೆಯ ಗುರುತು ಹಾಕಿ, ಬಳಸಿದವರಿಗೆ ಕಂಪೈಲ್ ಮಾಡುವಾಗ ಗದರಿಸುವ ಕ್ರಮ ಕರ್ನಲ್‌ನಲ್ಲಿ ಇತ್ತು. ಅದು ಫಲಿಸಲಿಲ್ಲ. ಕಟ್ಟುವಾಗ ಎಚ್ಚರಿಕೆಗಳು ಸಾಲುಗಟ್ಟಿ ಹರಿಯುತ್ತಿದ್ದವು, ಯಾರೂ ಓದುತ್ತಿರಲಿಲ್ಲ, ನಿಜವಾದ ಎಚ್ಚರಿಕೆಗಳೂ ಅದರಲ್ಲಿ ಮುಳುಗುತ್ತಿದ್ದವು. 2018ರ 4.19ರಲ್ಲಿ ಆ ಗುರುತನ್ನೇ ನಿಷ್ಕ್ರಿಯಗೊಳಿಸಿದರು. ಈಗ ಮಾಡಬೇಕಾದದ್ದು ಬೇರೆ: ಬಳಸಬಾರದವುಗಳ ಪಟ್ಟಿಯ ದಾಖಲೆಗೆ ನಿಮ್ಮ ಹಳೆಯ ಫಂಕ್ಷನ್ ಸೇರಿಸಿ, ಬದಲಿಗೆ ಏನು ಎಂದೂ ಬರೆಯಿರಿ. ಚೆಕ್‌ಪ್ಯಾಚ್ ಸ್ಕ್ರಿಪ್ಟ್‌ಗೆ ಒಂದು ನಿಯಮ ಸೇರಿಸಿ. ಅದು ಹೊಸ ಪ್ಯಾಚನ್ನು ಮಾತ್ರ ನೋಡುವುದರಿಂದ, ಹೊಸದಾಗಿ ಬರೆಯುವವರಿಗಷ್ಟೇ ಹೇಳುತ್ತದೆ.

ಅಳಿಸುವ ಪ್ಯಾಚನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮರ್ಜ್ ವಿಂಡೋದಲ್ಲಿ ಎಲ್ಲರ ಪರಿವರ್ತನೆ ಬಂದ ಮೇಲೆ ಉಳಿದ ಚೂರುಪಾರನ್ನು ನಿಯಮ ಓಡಿಸಿ ಮುಗಿಸಿ, ಅದರ ಬೆನ್ನಿಗೇ ಅಳಿಸುವಿಕೆ ಹೋಗಲಿ. 4.15ರಲ್ಲಿ ಟೈಮರಿಗೆ ಆದದ್ದು ಹೀಗೆಯೇ: ವಿಭಾಗಗಳ ಪ್ಯಾಚ್‌ಗಳು ಬಂದವು, ಉಳಿದವನ್ನು ಇಡೀ ಮೂಲಕ್ಕೆ ಅನ್ವಯಿಸಿದ ಯಾಂತ್ರಿಕ ಕಮಿಟ್‌ಗಳು ಮುಗಿಸಿದವು, ತಾತ್ಕಾಲಿಕ ವಿಧಗಳು ಹೋದವು, ಹಳೆಯ ಹೆಸರು ಹೋಯಿತು, ರಚನೆಯೊಳಗಿನ ಸಂಖ್ಯೆಯ ಜಾಗವೂ ಹೋಯಿತು. ಅಲ್ಲಿಂದ ಮುಂದೆ ಹಳೆಯದನ್ನು ಬಳಸಿದ ಕೋಡ್ ಕಂಪೈಲ್ ಆಗುವುದೇ ಇಲ್ಲ. ಉದ್ದ ಮೊದಲೇ ಗೊತ್ತಿಲ್ಲದ ಅರೇಗಳನ್ನು ಸ್ಟ್ಯಾಕ್ ಮೇಲೆ ಇಡುವ ಅಭ್ಯಾಸ ಬಿಡಿಸುವಾಗ ಅಳಿಸಲು ಯಾವ ಹೆಸರೂ ಇರಲಿಲ್ಲ, ಅದು ಸಿ ಭಾಷೆಯದೇ ಸೌಲಭ್ಯ. ಅಲ್ಲಿ ಕೊನೆಯ ಜಾಗ ಸ್ವಚ್ಛವಾದ ಕೂಡಲೇ, 2018ರ ಡಿಸೆಂಬರಿನ 4.20ರಲ್ಲಿ, ಕಂಪೈಲರಿನ ಎಚ್ಚರಿಕೆಯನ್ನು ಎಲ್ಲೆಡೆ ಆನ್ ಮಾಡಿದರು. ಮೊದಲು ಶೂನ್ಯಕ್ಕೆ ತಂದು ಆಮೇಲೆ ಆನ್ ಮಾಡಿದ್ದರಿಂದ ಒಂದು ಎಚ್ಚರಿಕೆ ಬಂದರೂ ಎದ್ದು ಕಾಣುತ್ತದೆ.

## ಆಮೇಲಿನ ತಿಂಗಳುಗಳು

ಆರ್‌ಸಿ ವಾರಗಳಲ್ಲಿ ದೋಷದ ವರದಿಗಳು ಬರುತ್ತವೆ. ಆ ಏಳೆಂಟು ವಾರ ರಜೆ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ಜವಾಬ್ದಾರಿ ಹೊರುವವರೊಬ್ಬರನ್ನು ಮೊದಲೇ ಹೇಳಿಡಿ. ತಿದ್ದುಪಡಿಯಲ್ಲಿ 'ಫಿಕ್ಸಸ್' ಸಾಲು ಬರೆದು ಯಾವ ಕಮಿಟ್ ಕಾರಣವೆಂದು ತೋರಿಸಿ. ಹಳೆಯ ಸ್ಟೇಬಲ್ ಆವೃತ್ತಿಗಳನ್ನು ಸಾಕುವವರಿಗೆ ನಿಮ್ಮ ಬದಲಾವಣೆಯಿಂದ ಪ್ಯಾಚ್‌ಗಳು ಅಂಟದೆ ತೊಂದರೆಯಾಗುತ್ತದೆ, ಅವರು ಕೇಳಿದಾಗ ಹಿಂದಕ್ಕೆ ಹೊಂದಿಸಿ ಕೊಡಿ.

ಕೊನೆಯದಾಗಿ, ಯಾವ ಸಾಲು ಯಾರದೆಂದು ತೋರಿಸುವ ಗಿಟ್ ಬ್ಲೇಮ್ ಓಡಿಸಿದವರಿಗೆಲ್ಲ ಇನ್ನು ಮುಂದೆ ನೂರಾರು ಸಾಲುಗಳ ಮೇಲೆ ನಿಮ್ಮದೇ ಹೆಸರು ಕಾಣುತ್ತದೆ, ನಿಜವಾಗಿ ಬರೆದವರದಲ್ಲ. 2019ರ ಗಿಟ್ 2.23ರಿಂದ ಇದಕ್ಕೆ ದಾರಿಯಿದೆ: ಯಾಂತ್ರಿಕ ಕಮಿಟ್‌ಗಳ ಗುರುತುಗಳನ್ನು ಒಂದು ಕಡತದಲ್ಲಿ ಬರೆದು, ಅವನ್ನು ದಾಟಿ ನೋಡು ಎಂದು ಬ್ಲೇಮ್‌ಗೆ ಹೇಳಬಹುದು. ನಿಮ್ಮ ಕಮಿಟ್‌ಗಳ ಪಟ್ಟಿಯನ್ನು ಹಾಗೆ ಸಿದ್ಧಮಾಡಿ ಸರಣಿಯ ಮುನ್ನುಡಿ ಪತ್ರಕ್ಕೆ ಉತ್ತರವಾಗಿ ಕಳುಹಿಸಿಬಿಡಿ. ಬೇಕಾದವರು ಅಲ್ಲಿಂದ ತೆಗೆದುಕೊಳ್ಳುತ್ತಾರೆ.